ರಕ್ಷಿಸಿ ತಂದ ಬೆಕ್ಕು ಫಾಸ್ಟರ್ ಮನೆಗೆ ಹೊಂದಿಕೊಳ್ಳುವ ತನಕ: ಪದೇ ಪದೇ ಕೇಳುವ ಪ್ರಶ್ನೆಗಳು

ತನ್ನನ್ನು ಯಾರೋ ಕಾಪಾಡಿದರು ಎಂಬುದು ಬೆಕ್ಕಿಗೆ ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವುದು ಇಷ್ಟೇ: ಹಿಡಿದರು, ಡಬ್ಬಿಯೊಳಗೆ ಹಾಕಿದರು, ವಾಸನೆಯೇ ಬೇರೆ ಇರುವ ಜಾಗಕ್ಕೆ ತಂದು ಬಿಟ್ಟರು. ಕೆಳಗಿನ ಉತ್ತರಗಳನ್ನೆಲ್ಲ ಈ ಕಡೆಯಿಂದ ನೋಡಿಯೇ ಬರೆದದ್ದು. ಮೊದಲ ಸಲ ಫಾಸ್ಟರ್ ಮಾಡುವವರು, ಅಂದರೆ ದತ್ತು ಹೋಗುವ ತನಕ ಬೆಕ್ಕನ್ನು ಮನೆಯಲ್ಲಿಟ್ಟು ನೋಡಿಕೊಳ್ಳುವವರು, ಮೇಲಿನಿಂದ ಓದಿಕೊಂಡು ಬನ್ನಿ; ಉಳಿದವರು ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಬೆಕ್ಕು ಬರುವ ಮೊದಲು

ಇಷ್ಟು ದೊಡ್ಡ ಮನೆ ಇದ್ದು ಒಂದೇ ಕೋಣೇಲಿ ಕೂಡಿ ಹಾಕೋದು ಪಾಪ ಅಲ್ವಾ?

ಪಾಪ ಅನಿಸುವುದು ನಮಗೆ. ಬೆಕ್ಕು ಹೊಸ ಜಾಗವನ್ನು ಮೂಲೆ ಮೂಲೆ ಮೂಸಿ, ತನ್ನ ಕೆನ್ನೆ ಉಜ್ಜಿ, ತಪ್ಪಿಸಿಕೊಳ್ಳುವ ದಾರಿಗಳನ್ನು ಗುರುತು ಮಾಡಿಕೊಂಡ ಮೇಲೆಯೇ ನಿರಾಳವಾಗುವುದು. ಚಿಕ್ಕ ಕೋಣೆಯಾದರೆ ಆ ಕೆಲಸ ಒಂದೆರಡು ರಾತ್ರಿಯಲ್ಲಿ ಮುಗಿಯುತ್ತದೆ. ಮನೆಯಿಡೀ ಬಿಟ್ಟರೆ ಅದು ಫ್ರಿಜ್ಜಿನ ಹಿಂದೆಯೋ ಅಟ್ಟದ ಮೇಲೋ ಸೇರಿಕೊಳ್ಳುತ್ತದೆ. ಆಮೇಲೆ ತಿಂತಾ ಇಲ್ಲವಾ, ಮೂತ್ರ ಮಾಡಿತಾ ಇಲ್ಲವಾ ಎಂದು ನೋಡಲೂ ಆಗುವುದಿಲ್ಲ. ಜನ ಓಡಾಡದ ಒಂದು ಕೋಣೆ ಸಾಕು. ಬೇರೆ ಜಾಗ ಇಲ್ಲದಿದ್ದರೆ ಬಚ್ಚಲುಮನೆಯೂ ಆದೀತು, ನೆಲ ತಣ್ಣಗಿರದಂತೆ ದಪ್ಪ ಹಾಸಿಗೆ ಹಾಕಿ.

ಕೋಣೇಲಿ ಏನೇನು ಇರಬೇಕು? ದುಬಾರಿ ಸಾಮಾನೆಲ್ಲ ತಗೋಬೇಕಾ?

ಬೇಡ. ಎಲ್ಲಕ್ಕಿಂತ ಮುಖ್ಯವಾದದ್ದು ಅಡಗುವ ಜಾಗ, ಅದಕ್ಕೆ ರಟ್ಟಿನ ಪೆಟ್ಟಿಗೆ ಸಾಕು. ಎದುರುಬದುರು ಎರಡು ಕಿಂಡಿ ಕೊರೆಯಿರಿ. ಒಂದೇ ಬಾಗಿಲಿದ್ದರೆ ಒಳಗೆ ಸಿಕ್ಕಿಬಿದ್ದೆ ಎಂಬ ಭಯಕ್ಕೆ ಪರಚುತ್ತದೆ. ಮಂಚದ ಕೆಳಗು, ಬೀರುವಿನ ಹಿಂದಿನ ಸಂದುಗಳನ್ನು ಮೊದಲೇ ಮುಚ್ಚಿಬಿಡಿ. ಅಡಗಲು ಬಿಡಬೇಕು, ಆದರೆ ನಿಮ್ಮ ಕೈಗೆ ಎಟುಕುವ ಕಡೆ.

ಲಿಟರ್ ಟ್ರೇ (ಬೆಕ್ಕು ಮಲ ಮೂತ್ರ ಮಾಡುವ ತಟ್ಟೆ) ಬೆಕ್ಕಿನ ಉದ್ದದ ಒಂದೂವರೆ ಪಟ್ಟು ಇರಲಿ, ಒಳಗೆ 3ರಿಂದ 5 ಸೆಂ.ಮೀ. ಲಿಟರ್, ಅಂದರೆ ಒದ್ದೆ ಹೀರುವ ಹರಳು. ಸುಗಂಧ ಹಾಕಿದ ಲಿಟರ್ ಬೇಡ. ಆ ಪರಿಮಳ ನಮಗೆ, ಬೆಕ್ಕಿನ ಮೂಗಿಗೆ ಅದು ಕಾಟ. ಟ್ರೇ ಒಂದು ಮೂಲೆಗೆ, ಊಟ ಅದರ ಎದುರು ಮೂಲೆಗೆ, ನೀರು ಊಟದಿಂದಲೂ ಸ್ವಲ್ಪ ದೂರ. ನೀರಿಗೆ ಮೀಸೆ ತಾಗದಂಥ ಅಗಲ ಬಾಯಿಯ ಬಟ್ಟಲು. ಹತ್ತಿ ಕೂರಲು ಒಂದು ಎತ್ತರದ ಜಾಗ, ಉಗುರು ಮಸೆಯಲು ಒರಟಾದ ಹಲಗೆ ಅಥವಾ ಹಗ್ಗ ಸುತ್ತಿದ ಕಂಬ. ಇದರ ಜೊತೆ ಒಂದು ಅಡುಗೆಮನೆ ತಕ್ಕಡಿ ಮತ್ತು ತೂಕ, ಊಟ, ನಡವಳಿಕೆ ಬರೆದಿಡಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಇವೆರಡನ್ನು ಕೊಳ್ಳದವರೇ ಹೆಚ್ಚು, ಆಮೇಲೆ ಹುಡುಕಾಡುವವರೂ ಅವರೇ.

ಕಿಟಕಿ ಮರೆಯಬೇಡಿ. ಸೊಳ್ಳೆ ಪರದೆ ಬೆಕ್ಕನ್ನು ತಡೆಯುವುದಿಲ್ಲ. ಹೆದರಿದ ಬೆಕ್ಕು ಅದನ್ನು ಹರಿದುಕೊಂಡೋ ತಳ್ಳಿಕೊಂಡೋ ಹೊರಗೆ ಬೀಳುತ್ತದೆ. ಕೋಣೆಯಲ್ಲಿ ಲಿಲ್ಲಿ ಹೂವಿದ್ದರೆ ತೆಗೆಯಿರಿ, ಅದರ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

ನೆಲ ಒರೆಸೋಕೆ ಫಿನಾಯಿಲ್ ಬಳಸಬಹುದಾ?

ಬಳಸಬೇಡಿ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಹೊರಹಾಕಲಾರದು. ನೆಲದ ಮೇಲೆ ನಡೆದು, ಪಾದ ನೆಕ್ಕಿಕೊಂಡರೆ ಅಷ್ಟೂ ಹೊಟ್ಟೆಗೆ. ನೀರಿಗೆ ಹಾಕಿದೊಡನೆ ಹಾಲಿನಂತೆ ಬೆಳ್ಳಗಾಗುವ ದ್ರಾವಣಗಳನ್ನೆಲ್ಲ ದೂರ ಇಡುವುದು ಲೇಸು. ದಿನನಿತ್ಯಕ್ಕೆ ಸೋಪು ನೀರು ಸಾಕು.

ಎರಡು ಬೆಕ್ಕುಗಳ ನಡುವೆ ಕೋಣೆ ಶುದ್ಧ ಮಾಡಲು ಬ್ಲೀಚ್ ಬೇಕು: ಮನೆಬಳಕೆಯ 5–6 ಶೇಕಡಾ ಬ್ಲೀಚ್ 1 ಪಾಲಿಗೆ ನೀರು 32 ಪಾಲು, ಅಂದರೆ ಲೀಟರಿಗೆ ಸುಮಾರು 30 ಮಿ.ಲೀ. ಮೊದಲು ಸೋಪಿನಿಂದ ತೊಳೆದು ಕೊಳೆ ತೆಗೆಯಿರಿ. ಕೊಳೆ ಇದ್ದಲ್ಲಿ ಬ್ಲೀಚ್ ಸೋಲುತ್ತದೆ. 10 ನಿಮಿಷ ಒದ್ದೆಯಾಗಿಯೇ ಬಿಟ್ಟು, ನೀರಿನಿಂದ ತೊಳೆದು, ಒಣಗಿಸಿ. ದ್ರಾವಣ ಅಂದಂದಿಗೆ ಮಾಡಿಕೊಳ್ಳಿ. ಮೂತ್ರದ ಮೇಲೆ ನೇರ ಸುರಿಯಬೇಡಿ, ಅಮೋನಿಯಾ ಜೊತೆ ಸೇರಿ ಉಸಿರುಕಟ್ಟಿಸುವ ವಿಷಾನಿಲ ಬರುತ್ತದೆ.

## ಮೊದಲ ಮೂರು ದಿನ

ಕ್ಯಾರಿಯರ್ ಬಾಗಿಲು ತೆಗೆದು ಒಂದು ಗಂಟೆ ಆಯ್ತು, ಹೊರಗೇ ಬರ್ತಿಲ್ಲ. ಎತ್ತಿ ತೆಗೀಲಾ?

ಬೇಡ. ಬಾಗಿಲು ತೆಗೆದಿಟ್ಟು, ಮೇಲೆ ಬಟ್ಟೆ ಹೊದೆಸಿ, ದೀಪ ಮಂಕು ಮಾಡಿ ನೀವು ಹೊರಗೆ ಬನ್ನಿ. ಬಹಳಷ್ಟು ಬೆಕ್ಕುಗಳು ಮನೆ ನಿಶ್ಶಬ್ದವಾದ ಮೇಲೆ, ನಡುರಾತ್ರಿಯಲ್ಲಿ ಹೊರಬರುತ್ತವೆ. ಬೆಳಗ್ಗೆ ಊಟ ಕಮ್ಮಿಯಾಗಿದ್ದು ಟ್ರೇ ಕೆದರಿದ್ದರೆ ಬೆಕ್ಕು ಕಣ್ಣಿಗೆ ಬೀಳದಿದ್ದರೂ ಎಲ್ಲ ಸರಿಯಾಗಿಯೇ ಇದೆ. ಕ್ಯಾರಿಯರನ್ನು ಕೋಣೆಯಲ್ಲೇ ಬಿಡಿ. ಅದರಲ್ಲೇ ಮಲಗಿ ರೂಢಿಯಾದರೆ ಮುಂದೆ ವೈದ್ಯರಲ್ಲಿಗೆ ಒಯ್ಯುವ ದಿನ ಗುದ್ದಾಟ ಇರುವುದಿಲ್ಲ.

ಊಟ ಮುಟ್ಟೇ ಇಲ್ಲ. ಎಷ್ಟು ಹೊತ್ತು ಕಾಯಬಹುದು?

ಬೆಳೆದ ಬೆಕ್ಕು ಮೊದಲ ದಿನ ತಿನ್ನದಿರುವುದು ಸಾಮಾನ್ಯ. 24 ಗಂಟೆ ದಾಟಿದರೆ ಪಶುವೈದ್ಯರಿಗೆ ಫೋನ್ ಮಾಡಿ, 48 ಗಂಟೆಗೆ ಕಾಯಬೇಡಿ. ಬೆಕ್ಕು ಉಪವಾಸ ಬಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ತುಂಬಿಕೊಳ್ಳುತ್ತದೆ, ಯಕೃತ್ತು ಕೆಲಸ ನಿಲ್ಲಿಸುತ್ತದೆ. ದಪ್ಪ ಬೆಕ್ಕಿಗೆ ಈ ಅಪಾಯ ಹೆಚ್ಚು. "ಮೈಯಲ್ಲಿ ಕೊಬ್ಬಿದೆ, ತಡಕೊಳ್ಳುತ್ತೆ" ಎಂಬ ಲೆಕ್ಕ ತಲೆಕೆಳಗು. ಎರಡು ತಿಂಗಳೊಳಗಿನ ಮರಿಗಾದರೆ ಅರ್ಧ ದಿನದ ಉಪವಾಸವೇ ತುರ್ತು.

ಮೊದಲು ಮಾಡಬೇಕಾದದ್ದು: ಹಿಂದೆ ಏನು ತಿನ್ನುತ್ತಿತ್ತೋ ಅದನ್ನೇ ಇಡಿ. ಒದ್ದೆ ಆಹಾರವನ್ನು ಮೈ ಬಿಸಿಯಷ್ಟು ಬೆಚ್ಚಗೆ ಮಾಡಿ, ವಾಸನೆ ಏಳುತ್ತದೆ. ಬಟ್ಟಲನ್ನು ಅಡಗುತಾಣದ ಬಾಯಿಗೆ ಸರಿಸಿ ಹೊರಗೆ ಹೋಗಿ. ಮೂಗು ಕಟ್ಟಿದ್ದರೆ ವಾಸನೆ ಸಿಗದೆ ತಿನ್ನುವುದಿಲ್ಲ, ಅದಕ್ಕೆ ಚಿಕಿತ್ಸೆ ಬೇಕು. ಆಹಾರ ಬದಲಿಸುವುದಿದ್ದರೆ 7ರಿಂದ 10 ದಿನದಲ್ಲಿ ಹೊಸತನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತ ಬನ್ನಿ.

ಎಲುಬು ಕಾಣುವಷ್ಟು ಬಡಕಲಾದ ಬೆಕ್ಕಿನ ವಿಷಯ ಬೇರೆ. ಅದಕ್ಕೆ ಒಮ್ಮೆಲೇ ಹೊಟ್ಟೆ ತುಂಬ ಹಾಕಿದರೆ ರಕ್ತದ ಲವಣಗಳು ಏರುಪೇರಾಗಿ ಸಾಯಲೂಬಹುದು. ಎಷ್ಟೆಷ್ಟು, ಎಷ್ಟು ಸಲ ಎಂಬುದನ್ನು ವೈದ್ಯರೇ ಹೇಳಲಿ.

ಹಾಲು ಇಡಬಹುದಾ? ಬೆಕ್ಕು ಅಂದ್ರೆ ಹಾಲು ತಾನೆ?

ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಆಮೇಲೆ ಅದು ಹಾಲಿನದ್ದೋ ಸೋಂಕಿನದ್ದೋ ತಿಳಿಯದೆ ಪರದಾಟ. ನೀರೇ ಸಾಕು.

ಬೆಳಗಾಗೋ ತನಕ ಕಾಯದೆ ವೈದ್ಯರ ಹತ್ತಿರ ಓಡಬೇಕಾದ್ದು ಯಾವಾಗ?

ಗಂಡು ಬೆಕ್ಕು ಟ್ರೇಗೆ ಮತ್ತೆ ಮತ್ತೆ ಹೋಗಿ ಮುಕ್ಕರಿದು, ಮೂತ್ರ ಬಾರದಿದ್ದರೆ. ಇದನ್ನು ಮಲಬದ್ಧತೆ ಎಂದುಕೊಂಡು ಕೂರುವವರೇ ಹೆಚ್ಚು. ಮೂತ್ರನಾಳ ಕಟ್ಟಿಕೊಂಡಿದ್ದರೆ ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ಬಾಯಿ ತೆರೆದು ಉಸಿರಾಡುವುದು, ಒಸಡು ಬಿಳಿಚುವುದು ಅಥವಾ ಹಳದಿಯಾಗುವುದು, ಫಿಟ್ಸ್, ಪದೇ ಪದೇ ವಾಂತಿಯ ಜೊತೆ ಸುಸ್ತು, ಹಿಂಗಾಲು ಎಳೆಯುವುದು ಕೂಡ ಇದೇ ಸಾಲಿಗೆ. ಬೆಕ್ಕಿನ ಸಹಜ ಮೈ ಬಿಸಿ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಜ್ವರ ಎಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಡಬೇಡಿ, ಬೆಕ್ಕಿಗೆ ಅದು ವಿಷ; ಚೂರು ಮಾತ್ರೆಯೂ ಕೊಲ್ಲುತ್ತದೆ.

## ನಂಬಿಕೆ ಹುಟ್ಟುವ ಹೊತ್ತು

ಹತ್ತಿರ ಹೋದ್ರೆ ಬುಸ್ ಅನ್ನುತ್ತೆ, ಕೈ ಎತ್ತುತ್ತೆ. ಇದು ಸಾಕೋ ಜಾತಿ ಅಲ್ವೇನೋ?

ಮೊದಲ ವಾರದಲ್ಲಿ ಆ ತೀರ್ಪು ಕೊಡಬೇಡಿ. ಬುಸುಗುಡುವುದು "ಇನ್ನು ಹತ್ತಿರ ಬರಬೇಡ" ಎಂಬ ಮಾತು, ದಾಳಿಯ ಮುನ್ನುಡಿಯಲ್ಲ. ಆ ಮಾತು ಕೇಳಿ ನೀವು ಎರಡು ಹೆಜ್ಜೆ ಹಿಂದೆ ಸರಿದರೆ ಬೆಕ್ಕು ಕಚ್ಚುವ ತನಕ ಹೋಗಬೇಕಾಗಿಲ್ಲ. ಗದರಿದರೆ, ನೀರು ಚಿಮುಕಿಸಿದರೆ ಅದು ಬುಸುಗುಡುವುದನ್ನು ಬಿಟ್ಟು ನೇರ ಕಚ್ಚಲು ಕಲಿಯುತ್ತದೆ.

ಬೀದಿಯಲ್ಲೇ ಹುಟ್ಟಿ ಬೆಳೆದು ಮನುಷ್ಯರ ಒಡನಾಟವೇ ಇಲ್ಲದ ಬೆಕ್ಕಿಗೂ, ಸಾಕಿದ್ದು ಹೆದರಿರುವ ಬೆಕ್ಕಿಗೂ ಮೊದಲ ದಿನಗಳಲ್ಲಿ ವ್ಯತ್ಯಾಸ ಕಾಣುವುದಿಲ್ಲ. ವಾರ ಎರಡು ವಾರದಲ್ಲಿ ಕಾಣುತ್ತದೆ: ನೀವು ಕೋಣೆಯಲ್ಲಿರುವಾಗಲೇ ತಿನ್ನುವುದು, ನಿಮ್ಮತ್ತ ನೋಡಿ ಕಣ್ಣು ಕಿರಿದು ಮಾಡುವುದು, ನೀವಿಲ್ಲದಾಗ ನಿಮ್ಮ ಬಟ್ಟೆಯ ಮೇಲೆ ಮಲಗುವುದು. ಇವು ಸಾಕಿದ ಬೆಕ್ಕಿನ ಲಕ್ಷಣ.

ಮುಟ್ಟೋಕೆ ಯಾವಾಗ ಶುರು ಮಾಡಲಿ? ಎಲ್ಲಿ ಮುಟ್ಟಬೇಕು?

ಅದು ನಿಮ್ಮನ್ನು ಮುಟ್ಟಿದ ಮೇಲೆ. ಅಲ್ಲಿಯ ತನಕ ದಿನಕ್ಕೆ ಮೂರು ನಾಲ್ಕು ಸಲ, 15–20 ನಿಮಿಷ, ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತು ಪುಸ್ತಕವನ್ನೋ ಫೋನನ್ನೋ ಮೆಲುದನಿಯಲ್ಲಿ ಓದಿಕೊಳ್ಳಿ. ನೆಟ್ಟ ನೋಟ ಬೇಡ. ಕಣ್ಣಿಗೆ ಕಣ್ಣು ಸಿಕ್ಕರೆ ನಿಧಾನ ರೆಪ್ಪೆ ಮುಚ್ಚಿ ತೆರೆಯಿರಿ. ಹಾಗೆ ಮಾಡಿದ ಮನುಷ್ಯರತ್ತ ಬೆಕ್ಕುಗಳು ಹೆಚ್ಚು ಬರುತ್ತವೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ತೋರಿಸಿದೆ.

ಹತ್ತಿರ ಬಂದರೆ ಒಂದು ಬೆರಳನ್ನು ಅದರ ಮೂಗಿನ ಎತ್ತರಕ್ಕೆ ಚಾಚಿ ಸುಮ್ಮನಿರಿ. ಮೂಸಿ ಕೆನ್ನೆ ಉಜ್ಜಿದರೆ ಕೆನ್ನೆ, ಗಲ್ಲ, ಕಿವಿಯ ಬುಡ ಸವರಿ. ಮೂರು ಸೆಕೆಂಡಿಗೆ ಕೈ ನಿಲ್ಲಿಸಿ. ಅದೇ ತಲೆ ಒತ್ತಿಕೊಂಡು ಬಂದರೆ ಮುಂದುವರಿಸಿ, ಸುಮ್ಮನಿದ್ದರೆ ಸಾಕು ಎಂದರ್ಥ. ಹೊಟ್ಟೆ, ಬಾಲ, ಕಾಲುಗಳಿಗೆ ಕೈ ಹಾಕಬೇಡಿ. ಹೊಟ್ಟೆ ಮೇಲೆ ಮಾಡಿ ಮಲಗಿದ್ದು ಹೊಟ್ಟೆ ಸವರು ಎಂಬ ಆಹ್ವಾನವಲ್ಲ. ಬಾಲದ ತುದಿ ಪಟಪಟ ಹೊಡೆದುಕೊಂಡರೆ, ಕಿವಿ ಪಕ್ಕಕ್ಕೆ ತಿರುಗಿದರೆ, ಬೆನ್ನ ಚರ್ಮ ನಡುಗಿದರೆ ಕೈ ತೆಗೆಯಿರಿ.

ರಾತ್ರಿಯೆಲ್ಲ ಕೂಗ್ತಾನೇ ಇರುತ್ತೆ, ನಿದ್ದೆ ಇಲ್ಲ. ಏನು ಮಾಡ್ಲಿ?

ಮೊದಲು ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ ನೋಡಿ. ಬೆದೆಗೆ ಬಂದ ಹೆಣ್ಣು ಬೆಕ್ಕು ನೋವಿನಂತೆ ಕೂಗಿ, ನೆಲದಲ್ಲಿ ಹೊರಳಿ, ಹಿಂಭಾಗ ಎತ್ತುತ್ತದೆ. ಗಂಡಿನ ಜೊತೆ ಕೂಡದಿದ್ದರೆ ಎರಡು ಮೂರು ವಾರಕ್ಕೊಮ್ಮೆ ಮತ್ತೆ ಅದೇ ಕಥೆ. ಶಸ್ತ್ರಚಿಕಿತ್ಸೆಯಾಗಿದ್ದೂ ಕೂಗುತ್ತಿದ್ದರೆ ಹಗಲು ಮಲಗಿ ರಾತ್ರಿ ಎಚ್ಚರವಿದೆ ಎಂದು. ನೀವು ಮಲಗುವ ಮುಂಚೆ 10–15 ನಿಮಿಷ ದಾರಕ್ಕೆ ಕಟ್ಟಿದ ಆಟಿಕೆ ಬೆನ್ನಟ್ಟಿಸಿ, ಹಿಡಿಯಲು ಬಿಟ್ಟು, ಆಮೇಲೆ ಹೊಟ್ಟೆ ತುಂಬ ಊಟ ಹಾಕಿ. ದಾರವನ್ನು ಕೋಣೆಯಲ್ಲಿ ಬಿಟ್ಟು ಬರಬೇಡಿ, ನುಂಗಿದರೆ ಕರುಳು ಸುತ್ತಿಕೊಳ್ಳುತ್ತದೆ. ಕೂಗಿದಾಗಲೆಲ್ಲ ಬಾಗಿಲು ತೆಗೆದರೆ, ಕೂಗಿದರೆ ಬಾಗಿಲು ತೆರೆಯುತ್ತದೆ ಎಂದು ನೀವೇ ಕಲಿಸಿದಂತೆ. ವಯಸ್ಸಾದ ಬೆಕ್ಕಾದರೆ ಥೈರಾಯ್ಡ್, ರಕ್ತದೊತ್ತಡ ಪರೀಕ್ಷೆ ಮಾಡಿಸಿ.

ಟ್ರೇ ಬಿಟ್ಟು ಹಾಸಿಗೆ ಮೇಲೇ ಮೂತ್ರ ಮಾಡುತ್ತೆ. ಸೇಡು ತೀರಿಸಿಕೊಳ್ತಿದೆಯಾ?

ಬೆಕ್ಕಿಗೆ ಸೇಡಿನ ಲೆಕ್ಕ ತಿಳಿಯದು. ಮೂತ್ರಕೋಶದ ಉರಿ ಇದೆಯೇ ಎಂದು ಮೊದಲು ಪರೀಕ್ಷೆ ಮಾಡಿಸಿ; ಟ್ರೇಯಲ್ಲಿ ನೋವಾದರೆ ಆ ನೋವಿಗೆ ಟ್ರೇಯೇ ಕಾರಣ ಎಂದುಕೊಂಡು ಮೆತ್ತನೆಯ ಜಾಗ ಹುಡುಕುತ್ತದೆ. ದೇಹ ಸರಿಯಿದ್ದರೆ ಟ್ರೇಯನ್ನು ಅನುಮಾನಿಸಿ. ದಿನಕ್ಕೆ ಎರಡು ಸಲ ಬಾಚಿ ತೆಗೆಯುತ್ತಿದ್ದೀರಾ? ಮುಚ್ಚಳ ಇದೆಯೇ? ವಾಷಿಂಗ್ ಮಷೀನ್ ಪಕ್ಕ ಇಟ್ಟಿದ್ದೀರಾ? ಮಣ್ಣಿನಲ್ಲಿ ಬೆಳೆದ ಬೆಕ್ಕಿಗೆ ಲಿಟರ್ ಏನೆಂದೇ ತಿಳಿಯದು. ಲಿಟರ್ ಮೇಲೆ ಒಂದು ಪದರ ತೋಟದ ಮಣ್ಣು ಹರಡಿ, ವಾರದಲ್ಲಿ ಕಡಿಮೆ ಮಾಡುತ್ತ ಬನ್ನಿ. ಟ್ರೇಗಳ ಲೆಕ್ಕ: ಬೆಕ್ಕುಗಳೆಷ್ಟೋ ಅಷ್ಟು, ಮೇಲೊಂದು.

ಒದ್ದೆಯಾದ ಜಾಗವನ್ನು ಎಂಜೈಮ್ ಇರುವ ಕ್ಲೀನರ್‌ನಿಂದ ತೊಳೆಯಿರಿ. ಮೂತ್ರದ ಯೂರಿಕ್ ಆಮ್ಲ ಬರೀ ಸೋಪಿಗೆ ಪೂರ್ತಿ ಹೋಗುವುದಿಲ್ಲ. ನಮ್ಮ ಮೂಗಿಗೆ ಹೋದಂತೆ ಅನಿಸಿದರೂ ಬೆಕ್ಕಿನ ಮೂಗಿಗೆ ಅಲ್ಲೇ ಇರುತ್ತದೆ.

## ಆರೋಗ್ಯ ಮತ್ತು ಸೋಂಕು

ನೋಡೋಕೆ ಚೆನ್ನಾಗಿಯೇ ಇದೆ. ಎರಡು ವಾರ ನಮ್ಮ ಬೆಕ್ಕಿಂದ ದೂರ ಇಡಲೇಬೇಕಾ?

ಇಡಲೇಬೇಕು, ಕನಿಷ್ಠ 14 ದಿನ. ಪ್ಯಾನ್‌ಲ್ಯುಕೋಪೀನಿಯಾ ಎಂಬ ಮಾರಕ ಅಂಟುರೋಗದ ವೈರಸ್ ಮೈ ಸೇರಿ ಲಕ್ಷಣ ತೋರಲು ಒಂದು ವಾರಕ್ಕೂ ಮಿಗಿಲು ಹಿಡಿಯಬಹುದು. ಲಸಿಕೆಯಿಲ್ಲದ ಮರಿಗಳನ್ನು ಅದು ಒಂದೆರಡು ದಿನದಲ್ಲಿ ಮುಗಿಸಿಬಿಡುತ್ತದೆ. ಕೋಣೆಯಲ್ಲಿ ಅದು ಒಂದು ವರ್ಷದವರೆಗೂ ಬದುಕಿರಬಲ್ಲದು. ಸ್ಯಾನಿಟೈಸರ್‌ಗೆ ಜಗ್ಗುವುದಿಲ್ಲ, ಬ್ಲೀಚ್‌ಗೆ ಜಗ್ಗುತ್ತದೆ. ಆದ್ದರಿಂದ ಈ ಕೋಣೆಗೇ ಬೇರೆ ಚಪ್ಪಲಿ, ಬೇರೆ ಮೇಲಂಗಿ, ಬೇರೆ ಬಟ್ಟಲು. ಮನೆಯ ಬೆಕ್ಕಿನ ಕೆಲಸ ಮೊದಲು, ಹೊಸತರದ್ದು ಆಮೇಲೆ, ಕೊನೆಗೆ ಸೋಪಿನಿಂದ ಕೈ ತೊಳೆಯಿರಿ.

ಹುಳುಕಡ್ಡಿ ಕಾಣಲು ಮೂರು ವಾರವೂ ಆದೀತು: ಕಿವಿ, ಮುಖ, ಕಾಲುಗಳಲ್ಲಿ ಕೂದಲುದುರಿದ ಹೊಟ್ಟಿನಂಥ ಬಿಲ್ಲೆಗಳು. ಅದು ಮನುಷ್ಯರಿಗೂ ಹತ್ತುತ್ತದೆ. ಬೆಕ್ಕಿನಿಂದ ಬೆಕ್ಕಿಗೆ ಹರಡುವ ಲ್ಯುಕೀಮಿಯಾ ವೈರಸ್‌ನ ರಕ್ತಪರೀಕ್ಷೆ ನೆಗೆಟಿವ್ ಬಂದರೂ, ಸೋಂಕು ಈಚೆಗಷ್ಟೇ ತಗುಲಿರುವ ಸಾಧ್ಯತೆ ಇದ್ದರೆ 30 ದಿನ ಕಳೆದು ಮತ್ತೆ ಮಾಡಿಸಬೇಕು. ಚಿಗಟಕ್ಕೆ ನಾಯಿಯ ಔಷಧಿ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ನಡುಕ ಹತ್ತಿ, ಫಿಟ್ಸ್ ಬಂದು ಸಾಯುತ್ತದೆ.

ಬಂದಾಗ ಚೆನ್ನಾಗಿತ್ತು, ಒಂದು ವಾರದ ಮೇಲೆ ಸೀನೋಕೆ ಶುರು ಮಾಡ್ತು. ನಮ್ಮ ಮನೇಲೇ ಬಂತಾ?

ಬಹುಶಃ ಇಲ್ಲ. ಬೆಕ್ಕಿನ ಹರ್ಪೀಸ್ ವೈರಸ್ ಒಮ್ಮೆ ಹೊಕ್ಕರೆ ನರಗಳಲ್ಲಿ ಜೀವನಪೂರ್ತಿ ಅಡಗಿರುತ್ತದೆ. ಗಾಬರಿಯಾದ ಸುಮಾರು ಒಂದು ವಾರಕ್ಕೆ ಮತ್ತೆ ತಲೆ ಎತ್ತುತ್ತದೆ. ಮನೆ ಬದಲಾದದ್ದೇ ಆ ಗಾಬರಿ. ತೆಳು ನೀರಿನಂಥ ಸಿಂಬಳ, ಊಟ ಸರಿಯಿದೆ ಎಂದಾದರೆ ನೋಡಿಕೊಂಡಿರಬಹುದು. ಸಿಂಬಳ ಹಳದಿ ಹಸಿರಾದರೆ, ಕಣ್ಣು ಮುಚ್ಚಿಕೊಂಡರೆ, ಊಟ ಬಿಟ್ಟರೆ ವೈದ್ಯರಿಗೆ ತೋರಿಸಿ. ಈ ನೆಗಡಿ ಮನುಷ್ಯರಿಗೆ ಹತ್ತುವುದಿಲ್ಲ, ಬೇರೆ ಬೆಕ್ಕುಗಳಿಗೆ ಹತ್ತುತ್ತದೆ.

ಮಾತ್ರೆ ನುಂಗಿಸಿದ ಮೇಲೆ ನೀರು ಕುಡಿಸಬೇಕಾ?

ಹೌದು, ಸೂಜಿಯಿಲ್ಲದ ಸಿರಿಂಜಿನಲ್ಲಿ 5 ಮಿ.ಲೀ. ನೀರನ್ನು ಬಾಯಿಯ ಪಕ್ಕದಿಂದ ನಿಧಾನ ಬಿಡಿ, ಅಥವಾ ತಕ್ಷಣ ಒಂದು ತುತ್ತು ಒದ್ದೆ ಆಹಾರ ತಿನ್ನಿಸಿ. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲೇ ಅಂಟಿ ನಿಲ್ಲುತ್ತದೆ. ನೆಗಡಿಗೆ ಹೆಚ್ಚಾಗಿ ಕೊಡುವ ಡಾಕ್ಸಿಸೈಕ್ಲಿನ್ ಹಾಗೆ ನಿಂತರೆ ನಾಳ ಸುಟ್ಟು ಕಿರಿದಾಗುತ್ತದೆ.

ಹಲ್ಲು ತಾಗಿ ಸಣ್ಣ ತೂತಾಗಿದೆ, ರಕ್ತ ನಿಂತಿದೆ. ಬಿಡಬಹುದಾ?

ಬಿಡಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ವೈದ್ಯರನ್ನು ಕಾಣಿ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುತ್ತದೆ. ಮೇಲ್ಚರ್ಮ ಮುಚ್ಚಿಕೊಂಡರೂ ಒಳಗೆ ಬ್ಯಾಕ್ಟೀರಿಯಾ ಬೆಳೆದು ಮರುದಿನವೇ ಕೈ ಊದುತ್ತದೆ. ಲಸಿಕೆಯ ಚರಿತ್ರೆ ಗೊತ್ತಿಲ್ಲದ ಬೆಕ್ಕಾದ್ದರಿಂದ ರೇಬೀಸ್ ಚುಚ್ಚುಮದ್ದಿನ ವಿಷಯವೂ ಆಗಲೇ ತೀರ್ಮಾನವಾಗಬೇಕು.

ಮನೇಲಿ ಗರ್ಭಿಣಿ ಇದ್ದಾರೆ. ಫಾಸ್ಟರ್ ಮಾಡಬಹುದಾ?

ಮಾಡಬಹುದು, ಟ್ರೇ ಮಾತ್ರ ಬೇರೆಯವರು ತೆಗೆಯಲಿ, ಅದೂ ದಿನಾ. ಗರ್ಭದ ಮಗುವಿಗೆ ಹಾನಿ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಮೊಟ್ಟೆಗಳು ಮಲದಲ್ಲಿ ಬಿದ್ದ ಮೇಲೆ ಸೋಂಕು ತಗುಲಿಸುವಂತಾಗಲು ಒಂದರಿಂದ ಐದು ದಿನ ಬೇಕು. ಬೇರೆಯವರಿಲ್ಲದಿದ್ದರೆ ಕೈಗವಸು ಹಾಕಿ, ಆಮೇಲೆ ಕೈ ತೊಳೆಯಿರಿ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ನಮ್ಮ ಬೆಕ್ಕಿಗೂ ಇದಕ್ಕೂ ಪರಿಚಯ ಮಾಡಿಸೋದು ಹೇಗೆ? ಒಂದು ಸಲ ಜಗಳ ಆಗಿ ಸರಿ ಹೋಗುತ್ತೆ ಅಂತಾರಲ್ಲ?

ಸರಿ ಹೋಗುವುದಿಲ್ಲ. ಮೊದಲ ಭೇಟಿಯ ಜಗಳವನ್ನು ಬೆಕ್ಕು ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಕ್ವಾರಂಟೈನ್ ಮುಗಿದ ಮೇಲೆ ವಾಸನೆಯಿಂದ ಶುರು ಮಾಡಿ. ಒಂದರ ಕೆನ್ನೆಗೆ ಉಜ್ಜಿದ ಬಟ್ಟೆಯನ್ನು ಇನ್ನೊಂದರ ಊಟದ ಪಕ್ಕ ಇಡಿ. ಮೂಸಿ ಸುಮ್ಮನಾದರೆ ಮುಚ್ಚಿದ ಬಾಗಿಲಿನ ಎರಡೂ ಬದಿ ಊಟ, ಮೊದಲು ಎರಡು ಮೀಟರ್ ದೂರದಲ್ಲಿ, ದಿನದಿನಕ್ಕೆ ಹತ್ತಿರ. ಆಮೇಲೆ ಜಾಗ ಅದಲು ಬದಲು: ಇದು ಮನೆ ಸುತ್ತಲಿ, ಅದು ಕೋಣೆ ನೋಡಲಿ. ಆಮೇಲಷ್ಟೇ ಜಾಲರಿಯ ಮೂಲಕ ನೋಟ, ಕೊನೆಗೆ ಐದು ನಿಮಿಷದ ಭೇಟಿ. ಒಂದು ಇನ್ನೊಂದನ್ನು ಕದಲದೆ ದಿಟ್ಟಿಸಿದರೆ ನಡುವೆ ರಟ್ಟು ಹಿಡಿದು ನೋಟ ಕತ್ತರಿಸಿ, ಹಿಂದಿನ ಹಂತಕ್ಕೆ ಮರಳಿ. ಕೈ ಹಾಕಬೇಡಿ.

ಕೆಲವೇ ವಾರ ಇರುವ ಬೆಕ್ಕಾದರೆ ಪರಿಚಯವೇ ಬೇಡ. ಹೆಚ್ಚಿನ ಫಾಸ್ಟರ್ ಬೆಕ್ಕುಗಳಿಗೆ ಇದೇ ಸರಿಯಾದ ಉತ್ತರ.

ಗಂಡು ಬೆಕ್ಕಿಗೆ ಆಪರೇಷನ್ ಆಯ್ತು. ಹೆಣ್ಣಿನ ಜೊತೆ ಬಿಡಬಹುದಾ?

ತಕ್ಷಣ ಬೇಡ. ನಾಳದಲ್ಲಿ ಉಳಿದ ವೀರ್ಯದಿಂದ ಇನ್ನೂ ಕೆಲವು ವಾರ ಗರ್ಭ ನಿಲ್ಲಿಸಬಲ್ಲದು.

ತಾಯಿ ಇಲ್ಲದ ಮರಿಗಳು ಬಂದಿವೆ, ಕಣ್ಣೂ ತೆರೆದಿಲ್ಲ. ಮೊದಲು ಹಾಲು ಕೊಡಲಾ?

ಮೊದಲು ಬಿಸಿ, ಆಮೇಲೆ ಹಾಲು. ಮೈ ತಣ್ಣಗಿರುವ ಮರಿಯ ಕರುಳು ಕೆಲಸ ಮಾಡುವುದಿಲ್ಲ. ಆಗ ಕುಡಿಸಿದ ಹಾಲು ಹೊಟ್ಟೆಯಲ್ಲೇ ಕೊಳೆಯುತ್ತದೆ ಅಥವಾ ಶ್ವಾಸಕೋಶಕ್ಕೆ ಹೋಗುತ್ತದೆ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟು, ತೆವಳಿ ದೂರ ಹೋಗಲು ಜಾಗ ಬಿಡಿ. ಮೊದಲ ವಾರ ಗೂಡು 29ರಿಂದ 32 ಡಿಗ್ರಿ ಇರಬೇಕು. ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿಯನ್ನು ಹೊಟ್ಟೆಯ ಮೇಲೆ ಮಲಗಿಸಿಯೇ ಕುಡಿಸಿ, ಮಗುವಿನಂತೆ ಅಂಗಾತ ಹಿಡಿಯಬೇಡಿ. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ಪ್ರತಿ ಸಲ ಒದ್ದೆ ಹತ್ತಿಯಿಂದ ಗುದದ್ವಾರದ ಬಳಿ ಮೆಲ್ಲಗೆ ಉಜ್ಜಿ. ಸುಮಾರು ಮೂರು ವಾರದ ತನಕ ತಾವಾಗಿ ಮಲ ಮೂತ್ರ ಮಾಡಲಾರವು.

ದಿನಾ ಒಂದೇ ಹೊತ್ತಿಗೆ ತೂಗಿ ಬರೆಯಿರಿ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಒಂದು ದಿನ ಏರದಿದ್ದರೆ ಎಚ್ಚರ, ಇಳಿದರೆ ಆ ದಿನವೇ ವೈದ್ಯರು. ನಡೆಯಲು ಶುರು ಮಾಡಿದ ಮರಿಗಳಿಗೆ ಗಟ್ಟಿಕಟ್ಟುವ ಲಿಟರ್ ಬೇಡ, ತಿಂದು ನೋಡುತ್ತವೆ. ಎರಡರಿಂದ ಏಳು ವಾರದ ನಡುವೆ ಮನುಷ್ಯರ ಕೈಯಲ್ಲಿ ಆಡಿದ ಮರಿ ಮುಂದೆ ಮನುಷ್ಯರಿಗೆ ಹೆದರುವುದು ಕಡಿಮೆ, ಆ ದಿನಗಳನ್ನು ಕಳೆಯಬೇಡಿ.

ತಿಂಗಳಾಯ್ತು, ಇನ್ನೂ ಪೆಟ್ಟಿಗೆಯೊಳಗೇ ಇರುತ್ತೆ. ನಮ್ಮಿಂದ ತಪ್ಪಾಯ್ತಾ?

ಬೆಕ್ಕು ಹಂತ ಹಂತವಾಗಿ ಹೊಂದಿಕೊಳ್ಳಲು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕ ಎಲ್ಲರೂ ಹೇಳುತ್ತಾರೆ; ಅದು ಅಂದಾಜು ಮಾತ್ರ. ನೋಟ್‌ಬುಕ್ ತೆಗೆದು ಮೊದಲ ವಾರದ ಜೊತೆ ಹೋಲಿಸಿ. ಇಂಚಿಂಚು ಬದಲಾಗಿದ್ದರೆ ಹಾಗೇ ಮುಂದುವರಿಸಿ. ಏನೂ ಬದಲಾಗದಿದ್ದರೆ ಹಲ್ಲುನೋವು, ಕೀಲುನೋವು ಇದೆಯೇ ನೋಡಿಸಿ. ನೋವಿರುವ ಬೆಕ್ಕು ಅಂಜುಬುರುಕ ಬೆಕ್ಕಿನಂತೆಯೇ ಕಾಣುತ್ತದೆ. ಭಯ ತಗ್ಗಿಸುವ ಔಷಧಿಗಳೂ ಇವೆ, ವೈದ್ಯರನ್ನು ಕೇಳಲು ಸಂಕೋಚ ಬೇಡ. ಪ್ಲಗ್‌ಗೆ ಹಾಕುವ ಫೆರೋಮೋನ್ (ಬೆಕ್ಕನ್ನು ಸಮಾಧಾನ ಮಾಡಲೆಂದು ಹರಡುವ ವಾಸನೆ) ಕೆಲವಕ್ಕೆ ಹಿಡಿಸುತ್ತದೆ, ಕೆಲವಕ್ಕೆ ಇಲ್ಲ.

ಬಾಗಿಲು ತೆಗೆದಾಗ ಹೊರಗೆ ಓಡಿಹೋಯ್ತು. ಎಲ್ಲಿ ಹುಡುಕಲಿ?

ಹತ್ತಿರದಲ್ಲೇ. ಜಾಗ ತಿಳಿಯದ ಬೆಕ್ಕು ದೂರ ಓಡದೆ ಸಿಕ್ಕಿದ ಮೊದಲ ಸಂದಿಗೆ ನುಗ್ಗಿ, ಕರೆದರೂ ಓಗೊಡದೆ ಕೂರುತ್ತದೆ. ಮೆಟ್ಟಿಲ ಕೆಳಗೆ, ವಾಹನಗಳ ಕೆಳಗೆ, ಪೊದೆ, ನೆರೆಯವರ ಶೆಡ್. ಮಧ್ಯರಾತ್ರಿಯ ನಂತರ ಟಾರ್ಚನ್ನು ನಿಮ್ಮ ಕಣ್ಣಿನ ಎತ್ತರಕ್ಕೆ ಹಿಡಿದು ಕೆಳಗೆಲ್ಲ ಬೆಳಕು ಹಾಯಿಸಿ, ಕಣ್ಣು ಹೊಳೆಯುತ್ತವೆ. ಸಿಕ್ಕರೆ ಬೆನ್ನಟ್ಟಬೇಡಿ, ಊಟವಿಟ್ಟ ಬೋನು ಹೂಡಿ, ಅದನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡು ಕಾಯಿರಿ.

ದತ್ತು ಕೊಡೋ ದಿನ ಬೆಕ್ಕಿನ ಜೊತೆ ಏನೇನು ಕಳಿಸಬೇಕು?

ಲಸಿಕೆ, ಜಂತುಹುಳದ ಔಷಧಿ, ಶಸ್ತ್ರಚಿಕಿತ್ಸೆಯ ದಾಖಲೆಗಳು. ಒಂದು ವಾರಕ್ಕಾಗುವಷ್ಟು ಅದೇ ಆಹಾರ, ಅದೇ ಲಿಟರ್. ಮಲಗುತ್ತಿದ್ದ ಬಟ್ಟೆಯನ್ನು ಒಗೆಯದೆ ಕಳಿಸಿ. ಹೊಸ ಮನೆಯಲ್ಲಿ ಅದರದೇ ವಾಸನೆ ಇರುವ ವಸ್ತು ಅದೊಂದೇ. ಗುಣಗಾನಕ್ಕಿಂತ ಬಳಕೆಗೆ ಬರುವ ಟಿಪ್ಪಣಿ ಬರೆಯಿರಿ: ಎಷ್ಟು ಹೊತ್ತಿಗೆ ತಿನ್ನುತ್ತದೆ, ಯಾವ ಸದ್ದಿಗೆ ಬೆಚ್ಚುತ್ತದೆ, ಎಲ್ಲಿ ಮುಟ್ಟಿಸಿಕೊಳ್ಳುವುದಿಲ್ಲ. ಮತ್ತು ಅಲ್ಲಿಯೂ ಮೊದಲು ಒಂದೇ ಕೋಣೆ ಎಂದು ದೊಡ್ಡಕ್ಷರದಲ್ಲಿ ಬರೆಯಿರಿ. ನಿಮ್ಮ ಮನೆಯಲ್ಲಿ ತೊಡೆಯೇರಿ ಮಲಗುತ್ತಿದ್ದ ಬೆಕ್ಕು ಅಲ್ಲಿ ಮೂರು ದಿನ ಪೆಟ್ಟಿಗೆಯಲ್ಲಿ ಅಡಗಿದರೆ, ಬೇರೆ ಬೆಕ್ಕು ಕೊಟ್ಟರೇನೋ ಎಂದು ಅವರು ಗಾಬರಿಯಾಗಬಾರದು.